7 ಮಿಲಿಮೀಟರ್ ಗಂಟು, 6 ತಿಂಗಳ ರಿಮೈಂಡರ್

ಈಗೆಲ್ಲ ರಿಪೋರ್ಟ್ ಡಾಕ್ಟರ್ ಕೈಗೆ ಹೋಗೋ ಮುಂಚೆ ಮಕ್ಕಳ ಫೋನಿಗೆ ಬರುತ್ತೆ. ಅಪ್ಪ-ಅಮ್ಮ ಊರಲ್ಲಿ, ನಾವು ಬೆಂಗಳೂರಲ್ಲೋ ಪುಣೆಯಲ್ಲೋ. ಸ್ಕ್ಯಾನ್ ಸೆಂಟರ್‌ನವರು ವಾಟ್ಸಾಪ್‌ಗೆ ಪಿಡಿಎಫ್ ಹಾಕ್ತಾರೆ, ನಾವು ಮೀಟಿಂಗ್ ನಡುವೆ ಅದನ್ನ ತೆಗೆದು ನೋಡ್ತೇವೆ. ಕೊನೆಯಲ್ಲಿ ಒಂದು ಸಾಲು ಇರುತ್ತೆ: ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ 7 ಮಿಲಿಮೀಟರ್ ನಾಡ್ಯೂಲ್, ಕಾರಣ ಖಚಿತವಿಲ್ಲ, ಫಾಲೋ ಅಪ್ ಅಗತ್ಯ.

ಆಮೇಲೆ ಏನಾಗುತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಗೂಗಲ್ ತೆರೀತೇವೆ. ಐದು ನಿಮಿಷದಲ್ಲಿ ಕ್ಯಾನ್ಸರ್‌ಗೆ ತಲುಪಿ, ಹತ್ತು ನಿಮಿಷದಲ್ಲಿ ಯಾವ ಸ್ಟೇಜ್ ಅಂತ ಲೆಕ್ಕ ಹಾಕ್ತಿರ್ತೇವೆ. ಈ ವಾರದ ಅಂಕಣ ಆ ಹತ್ತು ನಿಮಿಷದ ಬಗ್ಗೆ ಅಲ್ಲ. ಅದಾದ ಮೇಲಿನ ಎರಡು ವರ್ಷದ ಬಗ್ಗೆ. ಯಾಕಂದ್ರೆ ಜನ ಸೋಲೋದು ಹೆಚ್ಚಾಗಿ ಆ ಎರಡು ವರ್ಷದಲ್ಲೇ.

ನಾನಿರೋದು ಬೆಳಗಾವಿಯ ನೆಹರು ನಗರದಲ್ಲಿ. ಲ್ಯಾಪ್‌ಟಾಪ್ ಮನೆಯಲ್ಲಿ, ಆಫೀಸು ಬೆಂಗಳೂರಲ್ಲಿ. 1963ರಲ್ಲಿ ಶುರುವಾದ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಇರೋದು ನಮ್ಮ ಏರಿಯಾದಲ್ಲೇ. ಹಾಗಾಗಿ ಇಲ್ಲಿ ಚಹಾ ಅಂಗಡಿ ಮುಂದೆ ನಿಂತ್ರೂ ಕಂಕುಳಲ್ಲಿ ದೊಡ್ಡ ಎಕ್ಸ್‌ರೇ ಕವರ್ ಇಟ್ಕೊಂಡ ಒಬ್ಬರಾದ್ರೂ ಸಿಗ್ತಾರೆ. ಖಾನಾಪುರ, ಬೈಲಹೊಂಗಲ, ಗೋಕಾಕ, ಆ ಕಡೆ ಚಂದಗಡ, ಎಲ್ಲ ಕಡೆಯಿಂದ ಬರ್ತಾರೆ. ಕಳೆದ ವರ್ಷ ಯುಗಾದಿ ಹೊತ್ತಿಗೆ ಅಂಥದ್ದೊಂದು ಕವರ್ ನಮ್ಮ ಮನೆಗೂ ಬಂತು. ನಮ್ಮ ಸೋದರಮಾವಂದು. ಖಾನಾಪುರ ತಾಲೂಕಿನ ಹಳ್ಳಿಯವರು, ವಯಸ್ಸು 58. ಉದ್ಯಮಬಾಗದ ಫೌಂಡ್ರಿಯಲ್ಲಿ ಇಪ್ಪತ್ತೈದು ವರ್ಷ ದುಡಿದವರು. ಬೀಡಿ ಬಿಟ್ಟು ಹತ್ತು ವರ್ಷ ಆಗಿದೆ. ಬೈಕಿನಿಂದ ಬಿದ್ದು ಪಕ್ಕೆಲುಬು ನೋವು ಅಂತ ಸಿಟಿ ಸ್ಕ್ಯಾನ್ ಮಾಡಿಸಿದ್ರು. ಪಕ್ಕೆಲುಬು ಸರಿ ಇತ್ತು. ಹುಡುಕದೇ ಇದ್ದದ್ದು ಸಿಕ್ತು: 7 ಮಿಲಿಮೀಟರ್‌ನ ಗಂಟು.

ಡಾಕ್ಟರ್ ಆರು ತಿಂಗಳು ಬಿಟ್ಟು ಬರ್ರಿ ಅಂದ್ರು. ಔಷಧ ಇಲ್ಲ, ಇಂಜೆಕ್ಷನ್ ಇಲ್ಲ. ಮಾಮಾ ಹೊರಗೆ ಬಂದವರೇ ಅಂದ್ರು: "ಗಂಟು ಐತಿ ಅಂತಾರ, ಔಷಧ ಬ್ಯಾಡ ಅಂತಾರ, ಆರ್ ತಿಂಗಳ ಬಿಟ್ಟು ಬಾ ಅಂತಾರ. ಇದೆಂಥಾ ಡಾಕ್ಟರಕಿಪಾ?" ಮಾಮಿ ಇನ್ನೂ ನೇರ: "ಕೆಟ್ಟದ್ದಿದ್ರ ಈಗ ತಗದು ಒಗೀರಿ, ಇಲ್ಲಂದ್ರ ಇಲ್ಲ ಅನ್ರಿ. ನಡುವ ಯಾಕ ತೂಗ ಹಾಕ್ತೀರಿ?"

ಮಾಮಿ ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಸಿಗಬೇಕಂದ್ರೆ ಮೊದಲು ಈ ಗಂಟು ಏನು ಅಂತ ನೋಡಬೇಕು.

ಗಂಟು ಅಂದ್ರೆ ರೋಗದ ಹೆಸರಲ್ಲ

ನಾಡ್ಯೂಲ್ ಅನ್ನೋದು ಒಂದು ಕಾಯಿಲೆಯ ಹೆಸರಲ್ಲ. ಚಿತ್ರದಲ್ಲಿ ಕಂಡ ಒಂದು ಚುಕ್ಕೆಯ ಹೆಸರು. ಕಪ್ಪಾಗಿ ಕಾಣಬೇಕಾದ ಶ್ವಾಸಕೋಶದಲ್ಲಿ ಬೆಳ್ಳಗೆ, ದುಂಡಗೆ ಏನಾದ್ರೂ ಕಂಡು, ಅದು 3 ಸೆಂಟಿಮೀಟರ್ ಒಳಗಿದ್ರೆ ಅದಕ್ಕೆ ನಾಡ್ಯೂಲ್ ಅಂತಾರೆ. ಅದಕ್ಕಿಂತ ದೊಡ್ಡದಾದ್ರೆ ಮಾಸ್ ಅಂತಾರೆ, ಅದರ ದಾರಿಯೇ ಬೇರೆ. ನಮ್ಮ ಅಡುಗೆಮನೆ ಅಳತೆಯಲ್ಲಿ ಹೇಳೋದಾದ್ರೆ ಸಾಸಿವೆ 2 ಮಿಲಿಮೀಟರ್, ಜೋಳದ ಕಾಳು 4, ಕಡಲೆ ಕಾಳು 7-8, ಸಣ್ಣ ನಿಂಬೆಹಣ್ಣು 30. ಮಾಮಾಂದು ಕಡಲೆ ಕಾಳು.

ಸಿಟಿ ಯಂತ್ರಗಳು ಚುರುಕಾದಷ್ಟೂ ಇಂಥ ಕಾಳುಗಳು ಜಾಸ್ತಿ ಸಿಗ್ತಿವೆ. ಕೋವಿಡ್ ಸಮಯದಲ್ಲಿ ಮನೆಮನೆಗೊಂದು ಎದೆಯ ಸಿಟಿ ಆಯ್ತಲ್ಲ, ಆಗಲೂ ಎಷ್ಟೋ ಜನರಿಗೆ ಕೇಳದೇ ಇದ್ದ ಈ ಸುದ್ದಿ ಸಿಕ್ಕಿದೆ. ಹಾಗಾದ್ರೆ ಇವುಗಳಲ್ಲಿ ಎಷ್ಟು ಕ್ಯಾನ್ಸರ್? ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2011ರಲ್ಲಿ ಬಂತು. 55ರಿಂದ 74 ವರ್ಷದ 53,454 ಜನರನ್ನ ತಗೊಂಡಿದ್ರು. ಎಲ್ಲರೂ ಹಲವು ವರ್ಷ ಜೋರಾಗಿ ಸಿಗರೇಟ್ ಸೇದಿದವರು, ದಿನಕ್ಕೆ 20ರಂತೆ 30 ವರ್ಷದ ಲೆಕ್ಕಕ್ಕೆ ಕಮ್ಮಿ ಇಲ್ಲ. ಅವರಲ್ಲಿ ಕಡಿಮೆ ವಿಕಿರಣದ ಸಿಟಿ ಮಾಡಿಸಿದಾಗ ಸುಮಾರು ಶೇ 24ರಷ್ಟು ಸ್ಕ್ಯಾನ್‌ಗಳಲ್ಲಿ ಅನುಮಾನದ ಏನೋ ಕಂಡಿತು. ಆ ಅನುಮಾನಗಳಲ್ಲಿ ಶೇ 96ಕ್ಕೂ ಹೆಚ್ಚು ಕ್ಯಾನ್ಸರ್ ಅಲ್ಲವೇ ಅಲ್ಲ.

ಇನ್ನೊಂದು ಮುಖವನ್ನೂ ಹೇಳಬೇಕು. ಅದೇ ಅಧ್ಯಯನದಲ್ಲಿ, ಬರೀ ಎಕ್ಸ್‌ರೇ ಮಾಡಿಸಿದವರಿಗೆ ಹೋಲಿಸಿದ್ರೆ ಸಿಟಿ ಮಾಡಿಸಿದವರಲ್ಲಿ ಶ್ವಾಸಕೋಶ ಕ್ಯಾನ್ಸರ್ ಸಾವು ಶೇ 20ರಷ್ಟು ಕಡಿಮೆ ಆಯ್ತು. ಅಂದ್ರೆ ಉಳಿದ ಆ ನೂರರಲ್ಲಿ ಮೂರು-ನಾಲ್ಕನ್ನ ಬೇಗ ಹಿಡಿದದ್ದಕ್ಕೆ ಜೀವ ಉಳಿದಿದೆ. "ಹೆಚ್ಚಿನವು ಏನೂ ಅಲ್ಲ" ಅನ್ನೋದೂ ನಿಜ, "ಕೆಲವನ್ನ ಬಿಟ್ರೆ ಜೀವ ಹೋಗುತ್ತೆ" ಅನ್ನೋದೂ ನಿಜ. ಆನ್‌ಕಾಲ್ ಡ್ಯೂಟಿ ಮಾಡಿದವರಿಗೆ ಇದು ಗೊತ್ತು. ರಾತ್ರಿ ಬರೋ ಅಲರ್ಟ್‌ಗಳಲ್ಲಿ ಹೆಚ್ಚಿನವು ಸುಳ್ಳು. ಹಾಗಂತ ಪೇಜರ್ ಆಫ್ ಮಾಡಿ ಮಲಗೋ ಹಾಗಿಲ್ಲ.

ನಮ್ಮ ಕಡೆ ಗಂಟಿಗೆ ಕಾರಣ ಬಹಳ

ಇಂಟರ್‌ನೆಟ್‌ನಲ್ಲಿ ಸಿಗೋ ಮಾಹಿತಿ ಹೆಚ್ಚಾಗಿ ಅಮೆರಿಕದ್ದು, ಯುರೋಪಿನದ್ದು. ನಮ್ಮ ಎದೆಯೊಳಗಿನ ಕಥೆ ಸ್ವಲ್ಪ ಬೇರೆ.

ಮೊದಲನೆಯದು ಟಿಬಿ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಭಾರತದಲ್ಲೇ ಇದ್ದಾರೆ. ಟಿಬಿ ರೋಗಾಣು ಒಳಗೆ ಹೋದ ಎಲ್ಲರಿಗೂ ಕಾಯಿಲೆ ಬರೋದಿಲ್ಲ. ಬಹಳ ಜನರಲ್ಲಿ ದೇಹವೇ ಅದರ ಸುತ್ತ ಗೋಡೆ ಕಟ್ಟಿ ಕೂರಿಸುತ್ತೆ. ಗಾಯ ಮಾದ ಮೇಲೆ ಚರ್ಮದ ಮೇಲೆ ಕಲೆ ಉಳೀತದಲ್ಲ, ಹಾಗೆ ಶ್ವಾಸಕೋಶದಲ್ಲಿ ಸಣ್ಣ ಗಂಟು ಉಳಿಯುತ್ತೆ. ವರ್ಷಗಳು ಕಳೆದಂತೆ ಅದರಲ್ಲಿ ಸುಣ್ಣ ಕೂರುತ್ತೆ. ತಮಗೆ ಯಾವಾಗ ಸೋಂಕು ತಗಲಿತ್ತು ಅನ್ನೋದೂ ಎಷ್ಟೋ ಜನರಿಗೆ ಗೊತ್ತಿರೋದಿಲ್ಲ.

ಎರಡನೆಯದು ಧೂಳು. ಬೆಳಗಾವಿ ಫೌಂಡ್ರಿಗಳ ಊರು. ಎರಕ ಹೊಯ್ಯೋದು ಮರಳಿನ ಅಚ್ಚಿನಲ್ಲಿ. ಅಚ್ಚು ಒಡೆಯುವಾಗ, ಎರಕ ಉಜ್ಜುವಾಗ ಏಳೋ ಧೂಳಿನಲ್ಲಿ ಕಣ್ಣಿಗೆ ಕಾಣದ ಸಿಲಿಕಾ ಇರುತ್ತೆ. ಅದು ಒಳಗೆ ಕೂತ್ರೆ ಸಿಲಿಕೋಸಿಸ್. ಹೆಚ್ಚಾಗಿ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದಲ್ಲ, ಹಲವಾರು ಸಣ್ಣ ಗಂಟುಗಳು. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರೋ ಸಾಧ್ಯತೆ ಜಾಸ್ತಿ. ಅಷ್ಟೇ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ಈ ಧೂಳನ್ನ ಕ್ಯಾನ್ಸರ್ ತರೋ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಂದ್ರೆ ಫೌಂಡ್ರಿಯಲ್ಲಿ ದುಡಿದವರ ಒಂದೇ ಗಂಟಿಗೆ ಮೂರು ವಿವರಣೆ ಸಾಧ್ಯ. ಸಿಲಿಕೋಸಿಸ್ ನಮ್ಮ ಕಾನೂನಿನ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ. ಆದ್ರೆ ರೋಗಿ ತನ್ನ ಕೆಲಸ ಏನಂತ ಹೇಳದಿದ್ರೆ ಡಾಕ್ಟರ್‌ಗೆ ಹೇಗೆ ಗೊತ್ತಾಗಬೇಕು? "ಏನ್ ಕೆಲಸ ಮಾಡ್ತೀರಿ?" ಅಂದ್ರೆ ಮಾಮಾ "ಈಗ ಮನ್ಯಾಗ ಇರ್ತೇನ್ರಿ" ಅಂದಿದ್ರು. ಫೌಂಡ್ರಿ ವಿಷಯ ಹೊರಗೆ ಬಂದದ್ದು ಮಾಮಿ ಬಾಯಿಂದ.

ಮೂರನೆಯದು ಹೊಗೆ. ಖಾನಾಪುರ ಕಡೆ ಹೆಂಚು, ಇಟ್ಟಿಗೆ, ಮಡಕೆ ಕೆಲಸ ಹೆಸರುವಾಸಿ. ಕುಂಬಾರಿಕೆ ಕಲಿಸೋಕೆ ಅಂತಾನೇ ಅಲ್ಲೊಂದು ಕೇಂದ್ರ ಸಂಸ್ಥೆ ಇದೆ. ಭಟ್ಟಿ ಹೊಗೆ ಒಂದು ಕಡೆ, ಕಟ್ಟಿಗೆ ಒಲೆ ಮುಂದೆ ಮೂವತ್ತು-ನಲವತ್ತು ವರ್ಷ ರೊಟ್ಟಿ ಬಡಿದ ನಮ್ಮ ಅವ್ವ-ಅಜ್ಜಿಯರ ಹೊಗೆ ಇನ್ನೊಂದು ಕಡೆ. "ನಮ್ಮವ್ವ ಬೀಡಿ ಸೇದಿಲ್ಲ, ಹಾಗಾಗಿ ಆಕೆಗೆ ಅಪಾಯ ಇಲ್ಲ" ಅನ್ನೋ ಲೆಕ್ಕ ಪೂರ್ತಿ ಸರಿ ಅಲ್ಲ.

ಇವಲ್ಲದೆ ಮಾಸಿದ ನ್ಯುಮೋನಿಯಾ, ಫಂಗಸ್, ಹಮಾರ್ಟೋಮಾ ಅನ್ನೋ ನಿರುಪದ್ರವಿ ಗಡ್ಡೆ, ಬೇರೆ ಅಂಗದ ಕ್ಯಾನ್ಸರ್ ಹರಡಿದ್ದು, ಹೀಗೆ ಪಟ್ಟಿ ಉದ್ದ ಇದೆ.

ಚಿತ್ರ ನೋಡಿ ಏನೇನು ಹೇಳಬಹುದು

ಸಿಟಿ ಸ್ಕ್ಯಾನ್ ಕಂಡುಹಿಡಿದವರಲ್ಲಿ ಒಬ್ಬರು ನಮ್ಮ ಹಾಗೆ ಎಂಜಿನಿಯರ್, ಗಾಡ್‌ಫ್ರಿ ಹೌನ್ಸ್‌ಫೀಲ್ಡ್. ರೋಗಿಯ ಮೇಲೆ ಮೊದಲ ಸ್ಕ್ಯಾನ್ ಆಗಿದ್ದು 1971ರಲ್ಲಿ, ಲಂಡನ್‌ನಲ್ಲಿ. 1979ರಲ್ಲಿ ಅವರಿಗೆ ನೊಬೆಲ್ ಬಂತು. ಸ್ಕ್ಯಾನ್‌ನ ಪ್ರತಿ ಚುಕ್ಕೆಗೂ ಒಂದು ಸಂಖ್ಯೆ ಇರುತ್ತೆ, ಅದರ ಅಳತೆಗೆ ಅವರದೇ ಹೆಸರು. ನೀರು 0, ಗಾಳಿ ಮೈನಸ್ 1000. ಸುಣ್ಣ ಕೂತಿದ್ರೆ ಸಂಖ್ಯೆ ನೂರಾರು ಮೇಲೆ ಹೋಗುತ್ತೆ. ಕೊಬ್ಬಿದ್ರೆ ಸೊನ್ನೆಗಿಂತ ಕೆಳಗೆ ಇಳಿಯುತ್ತೆ.

ಈ ಸಂಖ್ಯೆಗಳಿಂದ ಕೆಲವು ಗಂಟುಗಳ ಕೇಸು ಅಲ್ಲೇ ಮುಗಿಯುತ್ತೆ. ಗಂಟಿನ ಪೂರ್ತಿ ಸುಣ್ಣ ತುಂಬಿದ್ರೆ, ನಟ್ಟನಡುವೆ ಕೂತಿದ್ರೆ, ಅಥವಾ ಪದರಪದರವಾಗಿ ಇದ್ರೆ ಅದು ಹೆಚ್ಚಾಗಿ ಮಾದ ಹಳೇ ಸೋಂಕು. ನಾಗರ ಪಂಚಮಿಗೆ ಹುರಿದ ಜೋಳದ ಅರಳಿನ ಹಾಗೆ ಸುಣ್ಣ ಕಂಡ್ರೆ, ಅಥವಾ ಒಳಗೆ ಕೊಬ್ಬು ಕಂಡ್ರೆ, ಅದು ಹಮಾರ್ಟೋಮಾ ಕಡೆ ಬೆರಳು ತೋರಿಸುತ್ತೆ. ಅಂಚು ನುಣುಪಾಗಿದ್ರೆ ಸ್ವಲ್ಪ ಸಮಾಧಾನ. ಸುತ್ತ ಮುಳ್ಳು ಮುಳ್ಳಾಗಿ ಎಳೆಗಳು ಹೊರಟಿದ್ರೆ ಅನುಮಾನ ಹೆಚ್ಚು. ಮಂಜು ಹಿಡಿದ ಗಾಜಿನ ಹಾಗೆ ಮಸುಕಾಗಿ ಕಾಣೋ ಗಂಟುಗಳದ್ದು ಇನ್ನೊಂದು ಜಾತಿ. ಅವು ಕೆಟ್ಟವಾಗಿದ್ರೂ ಬಹಳ ನಿಧಾನ ಬೆಳೀತವೆ.

ಆದ್ರೆ ಬಹಳ ಗಂಟುಗಳು ಇಷ್ಟು ಸ್ಪಷ್ಟವಾಗಿ ಮಾತಾಡೋದಿಲ್ಲ. ಮಾಮಾನ ಗಂಟಿನಲ್ಲಿ ಸುಣ್ಣ ಇಲ್ಲ, ಮುಳ್ಳೂ ಇಲ್ಲ. ಆಗ ಡಾಕ್ಟರ್ ಹೇಳಿದ ಮಾತು ನನಗೆ ಇಷ್ಟ ಆಯ್ತು: "ಇವತ್ತಿನ ಒಂದು ಚಿತ್ರ ಇದು ಏನಂತ ಹೇಳಂಗಿಲ್ರಿ. ಆರ್ ತಿಂಗಳ ಮ್ಯಾಲಿಂದು ಬಾಜೂಕ ಇಟ್ಟು ನೋಡಿದ್ರ ಹೇಳ್ತೈತಿ."

ಎರಡು ಚಿತ್ರದ ನಡುವಿನ ಲೆಕ್ಕ

ಕೋಡ್ ಬರೆಯೋರಿಗೆ ಇದು ಹೊಸದಲ್ಲ. ಒಂದು ಫೈಲ್ ನೋಡಿದ್ರೆ ಏನು ಬದಲಾಗಿದೆ ಅಂತ ಗೊತ್ತಾಗೋದಿಲ್ಲ, ಹಳೇ ವರ್ಷನ್ ಜೊತೆ ಡಿಫ್ ತೆಗೀಬೇಕು. ಕ್ಯಾನ್ಸರ್ ಆದ್ರೆ ಬೆಳೆಯುತ್ತೆ, ಮಾದ ಕಲೆ ಆದ್ರೆ ಹಾಗೇ ಇರುತ್ತೆ, ತಾಜಾ ಸೋಂಕು ಆದ್ರೆ ಕರಗಬಹುದು. ಇಲ್ಲಿ ಸಮಯವೇ ಒಂದು ಟೆಸ್ಟು.

ಬೆಳವಣಿಗೆ ಲೆಕ್ಕದಲ್ಲಿ ಒಂದು ಮೋಸ ಇದೆ. ಗಂಟು ಚಪ್ಪಟೆ ಅಲ್ಲ, ಗೋಲಿ. ಅಗಲ ಸ್ವಲ್ಪ ಹೆಚ್ಚಿದ್ರೂ ಗಾತ್ರ ಬಹಳ ಹೆಚ್ಚುತ್ತೆ. 8 ಮಿಲಿಮೀಟರ್ ಇದ್ದದ್ದು 10 ಆದ್ರೆ ಕಣ್ಣಿಗೆ ಬರೀ 2 ಮಿಲಿಮೀಟರ್. ಆದ್ರೆ ಒಳಗಿನ ಗಾತ್ರ ಹತ್ತಿರ ಹತ್ತಿರ ದುಪ್ಪಟ್ಟು. ಅಗಲ ಶೇ 26ರಷ್ಟು ಹೆಚ್ಚಿದ್ರೆ ಸಾಕು, ಗಾತ್ರ ಎರಡು ಪಟ್ಟಾಗುತ್ತೆ. ಗಟ್ಟಿ ಗಂಟಿನ ರೂಪದ ಕ್ಯಾನ್ಸರ್‌ಗಳು ಹೆಚ್ಚಾಗಿ 100ರಿಂದ 400 ದಿನಗಳಲ್ಲಿ ಹೀಗೆ ದುಪ್ಪಟ್ಟಾಗ್ತವೆ. ಅದಕ್ಕೇ ಗಟ್ಟಿ ಗಂಟು ಎರಡು ವರ್ಷ ಅಲುಗಾಡದೆ ಕೂತ್ರೆ ಡಾಕ್ಟರ್‌ಗಳು ನಿಟ್ಟುಸಿರು ಬಿಡ್ತಾರೆ. ಮಸುಕು ಗಂಟಿಗೆ ಐದು ವರ್ಷ ನೋಡ್ತಾರೆ.

ಇನ್ನೊಂದು ಕಡೆ ಅಳತೆಯ ತಪ್ಪೂ ಇದೆ. ಒಂದೇ ಗಂಟನ್ನ ಇಬ್ಬರು ಅಳೆದ್ರೆ ಒಂದು-ಒಂದೂವರೆ ಮಿಲಿಮೀಟರ್ ವ್ಯತ್ಯಾಸ ಬರಬಹುದು. ಹಾಗಾಗಿ 2 ಮಿಲಿಮೀಟರ್ ಒಳಗಿನ ಬದಲಾವಣೆಯನ್ನ ಬೆಳವಣಿಗೆ ಅಂತ ತಟ್ಟನೆ ಹೇಳೋದಿಲ್ಲ.

ಇದು ನಮ್ಮ ಮನೆಯಲ್ಲೇ ಆಯ್ತು. ದಸರಾ ಮುಗಿದ ಮೇಲೆ ಮಾಮಾ ಎರಡನೇ ಸ್ಕ್ಯಾನ್‌ಗೆ ಬೇರೊಂದು ಸೆಂಟರ್‌ಗೆ ಹೋದ್ರು, ಬಸ್ಸಿಳಿದರೆ ಹತ್ತಿರ ಅಂತ. ರಿಪೋರ್ಟ್‌ನಲ್ಲಿ 8 ಮಿಲಿಮೀಟರ್. ಏಳಿದ್ದದ್ದು ಎಂಟು! ಮಾಮಿ ಅವತ್ತು ಒಲೆ ಹಚ್ಚಲಿಲ್ಲ. ಮರುದಿನ ಡಾಕ್ಟರ್ ಎರಡೂ ಸಿಡಿ ಒಂದೇ ಪರದೆ ಮೇಲೆ ಅಕ್ಕಪಕ್ಕ ಹಾಕಿದ್ರು. ಮೊದಲನೆಯದು ತೆಳು ಪದರದ ಸ್ಕ್ಯಾನ್, ಎರಡನೆಯದು ದಪ್ಪ ಪದರದ್ದು. ರೊಟ್ಟಿ ತೆಳ್ಳಗೆ ಬಡಿದ್ರೆ ಅದರಲ್ಲಿರೋ ಸಣ್ಣ ಕಲ್ಲೂ ಕಾಣುತ್ತೆ, ದಪ್ಪಗೆ ಬಡಿದ್ರೆ ಮುಚ್ಚಿಹೋಗುತ್ತಲ್ಲ, ಹಾಗೆ. ಅವರೇ ಎರಡನ್ನೂ ಮತ್ತೆ ಅಳೆದು, ಇದನ್ನ ಬೆಳವಣಿಗೆ ಅನ್ನೋಕೆ ಬರೋದಿಲ್ಲ, ಮುಂದಿನ ಸ್ಕ್ಯಾನ್ ಮೊದಲಿನ ಥರಾನೇ ಆಗಲಿ ಅಂದ್ರು. ಆ ಹಳೇ ಸಿಡಿ ಇರದಿದ್ರೆ ನಮ್ಮ ಕೈಯಲ್ಲಿ ಉಳಿತಿದ್ದದ್ದು ಏಳು ಮತ್ತು ಎಂಟು ಅನ್ನೋ ಎರಡು ಅಂಕಿ ಮಾತ್ರ.

ಆರು ತಿಂಗಳು ಯಾರು ಹೇಳಿದ್ದು

ಈ ದಿನಾಂಕಗಳು ಡಾಕ್ಟರ್ ಬಾಯಿಗೆ ಬಂದ ಹಾಗೆ ಹೇಳೋದಲ್ಲ. ಎದೆಯ ಚಿತ್ರಗಳನ್ನ ಓದೋ ತಜ್ಞರ ಫ್ಲೈಷ್ನರ್ ಸೊಸೈಟಿ ಅಂತ ಒಂದು ಸಂಘ ಇದೆ, 1969ರದ್ದು. ಅವರ 2017ರ ಮಾರ್ಗಸೂಚಿಯನ್ನ ಜಗತ್ತಿನ ಬಹಳ ಕಡೆ ಅನುಸರಿಸ್ತಾರೆ. ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನ್‌ನಲ್ಲಿ ಒಂದೇ ಗಟ್ಟಿ ಗಂಟು ಸಿಕ್ಕರೆ, ಅದರ ಸಾರಾಂಶ ಹೀಗೆ:

6 ಮಿಲಿಮೀಟರ್‌ಗಿಂತ ಕಡಿಮೆ ಇದ್ದು, ಅಪಾಯ ಕಡಿಮೆ ಇರೋ ವ್ಯಕ್ತಿಯಾದ್ರೆ ಮತ್ತೆ ಸ್ಕ್ಯಾನ್ ಬೇಡ. ಅಪಾಯ ಹೆಚ್ಚಿದ್ರೆ 12 ತಿಂಗಳಿಗೆ ಒಮ್ಮೆ ನೋಡಬಹುದು.

6ರಿಂದ 8 ಮಿಲಿಮೀಟರ್ ಇದ್ರೆ 6ರಿಂದ 12 ತಿಂಗಳಲ್ಲಿ ಒಂದು ಸ್ಕ್ಯಾನ್. ಅಪಾಯ ಹೆಚ್ಚಿದ್ದವರಿಗೆ 18ರಿಂದ 24 ತಿಂಗಳಲ್ಲಿ ಇನ್ನೊಂದು.

8 ಮಿಲಿಮೀಟರ್‌ಗಿಂತ ದೊಡ್ಡದಾದ್ರೆ 3 ತಿಂಗಳಿಗೆ ಸ್ಕ್ಯಾನ್, ಇಲ್ಲವೇ ಪೆಟ್ ಸ್ಕ್ಯಾನ್, ಇಲ್ಲವೇ ಬಯಾಪ್ಸಿ. ಯಾವುದು ಅನ್ನೋದು ರೋಗಿಯನ್ನ ನೋಡಿ ನಿರ್ಧಾರ.

ಇಲ್ಲಿ ಅಪಾಯ ಅಂದ್ರೆ ವಯಸ್ಸು, ಬೀಡಿ-ಸಿಗರೇಟು, ಮನೆಯಲ್ಲಿ ಯಾರಿಗಾದ್ರೂ ಶ್ವಾಸಕೋಶ ಕ್ಯಾನ್ಸರ್ ಬಂದದ್ದು, ಗಂಟು ಮೇಲ್ಭಾಗದಲ್ಲಿ ಇರೋದು, ಮುಳ್ಳಿನ ಅಂಚು, ಇಂಥವು. ಈ ನಿಯಮ ಎಲ್ಲರಿಗೂ ಅಲ್ಲ. 35 ವರ್ಷದೊಳಗಿನವರಿಗೆ, ಈಗಾಗಲೇ ಕ್ಯಾನ್ಸರ್ ಇದ್ದವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಇದು ಅನ್ವಯಿಸೋದಿಲ್ಲ. ಕಂಪನಿ ಹೆಲ್ತ್ ಚೆಕಪ್‌ನಲ್ಲಿ ನಿಮ್ಮದೇ ಎದೆಯಲ್ಲಿ 4 ಮಿಲಿಮೀಟರ್ ಏನೋ ಸಿಕ್ಕಿದ್ರೆ, ನಿಮ್ಮ ವಯಸ್ಸಿಗೆ ಕ್ಯಾನ್ಸರ್ ಬಹಳ ಅಪರೂಪ, ಸೋಂಕಿನ ಕಲೆ ಇರೋ ಸಾಧ್ಯತೆ ಬಹಳ ಹೆಚ್ಚು. ಆದ್ರೂ ತೀರ್ಮಾನ ಡಾಕ್ಟರ್‌ದೇ.

ಆನ್‌ಲೈನ್‌ನಲ್ಲಿ ಗಂಟಿನ ಕ್ಯಾನ್ಸರ್ ಸಾಧ್ಯತೆ ಹೇಳೋ ಕ್ಯಾಲ್ಕುಲೇಟರ್‌ಗಳೂ ಇವೆ. ಅವನ್ನ ಕಟ್ಟಿದ್ದು ಅಮೆರಿಕ, ಕೆನಡಾದ ರೋಗಿಗಳ ಡೇಟಾದಿಂದ. ಟಿಬಿ ಕಮ್ಮಿ ಇರೋ ದೇಶದ ಡೇಟಾದಲ್ಲಿ ಕಲಿತ ಮಾಡೆಲ್ ಖಾನಾಪುರದ ಎದೆ ನೋಡಿ ಎಷ್ಟು ಸರಿಯಾಗಿ ಹೇಳೀತು ಅಂತ ನಾವು ಸಾಫ್ಟ್‌ವೇರ್‌ನವರೇ ಮೊದಲು ಕೇಳಬೇಕು.

ಈಗಲೇ ತೆಗೆದು ಒಗೆದ್ರೆ ಏನಾಗ್ತದ?

ಈಗ ಮಾಮಿಯ ಪ್ರಶ್ನೆಗೆ ಬರೋಣ. ಕಡಲೆ ಕಾಳಿನಷ್ಟು ಗಂಟಿಗೆ ಹೊರಗಿಂದ ಸೂಜಿ ಹಾಕೋದು ಸುಲಭ ಅಲ್ಲ. ಉಸಿರಾಡುವಾಗ ಶ್ವಾಸಕೋಶ ಅಲುಗಾಡ್ತಿರುತ್ತೆ, ಸಿಕ್ಕ ಚೂರು ಸಾಕಾಗದೇ ಹೋಗಬಹುದು. ಸೂಜಿ ಬಯಾಪ್ಸಿಯಲ್ಲಿ ಆರೇಳು ಜನರಲ್ಲಿ ಒಬ್ಬರಿಗೆ ಶ್ವಾಸಕೋಶದಿಂದ ಗಾಳಿ ಸೋರುತ್ತೆ. ಅವರಲ್ಲಿ ಕೆಲವರಿಗೆ ಎದೆಗೆ ನಳಿಕೆ ಹಾಕಬೇಕಾಗುತ್ತೆ. ನೂರಕ್ಕೆ ತೊಂಬತ್ತರ ಮೇಲೆ ಏನೂ ಅಲ್ಲದ ಗಂಟಿಗೆ ಇಷ್ಟು ಬೆಲೆ ಕೊಡಬೇಕಾ?

ಪೆಟ್ ಸ್ಕ್ಯಾನ್ ಮಾಡಿಸಿದ್ರೆ ಗೊತ್ತಾಗಲ್ವಾ ಅಂತ ಕೇಳಬಹುದು. ಪೆಟ್ ಸ್ಕ್ಯಾನ್ ತೋರಿಸೋದು ಯಾವ ಜಾಗ ಸಕ್ಕರೆಯನ್ನ ಜೋರಾಗಿ ತಿಂತಿದೆ ಅಂತ. ಕ್ಯಾನ್ಸರ್ ತಿನ್ನುತ್ತೆ. ಜೀವಂತ ಟಿಬಿ ಗಂಟೂ ತಿನ್ನುತ್ತೆ. ನಮ್ಮ ದೇಶದಲ್ಲಿ ಎರಡೂ ಒಂದೇ ಥರ ಹೊಳೀಬಹುದು. ಜೊತೆಗೆ 8 ಮಿಲಿಮೀಟರ್‌ಗಿಂತ ಸಣ್ಣ ಗಂಟುಗಳಲ್ಲಿ ಅದರ ನೋಟ ಅಷ್ಟು ನಂಬೋ ಹಾಗಿರೋದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದು ಕಡೆ ಇದೆ. ಕಾಯೋಕೆ ತಾಳ್ಮೆ ಇಲ್ಲದಾಗ "ಟಿಬಿನೇ ಇರಬೇಕು, ಆರು ತಿಂಗಳು ಮಾತ್ರೆ ನುಂಗಲಿ" ಅನ್ನೋ ಶಾರ್ಟ್‌ಕಟ್. ಕಫ ಪರೀಕ್ಷೆ ಇಲ್ಲ, ಚೂರು ತೆಗೆದು ನೋಡಿದ್ದೂ ಇಲ್ಲ. ಹೀಗೆ ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿ, ಕೊನೆಗೆ ಕ್ಯಾನ್ಸರ್ ಅಂತ ತಡವಾಗಿ ಗೊತ್ತಾದವರ ಬಗ್ಗೆ ನಮ್ಮ ದೇಶದ ಕ್ಯಾನ್ಸರ್ ತಜ್ಞರು ಮತ್ತೆ ಮತ್ತೆ ಬರೆದಿದ್ದಾರೆ. ಟಿಬಿ ಅನುಮಾನ ಇದ್ರೆ ಪರೀಕ್ಷೆ ಮಾಡಿ ಖಾತ್ರಿ ಮಾಡ್ಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ. ಚಿಕಿತ್ಸೆ ಪಡೆಯುವವರ ಪೌಷ್ಟಿಕ ಆಹಾರಕ್ಕೆ ನಿಕ್ಷಯ್ ಯೋಜನೆಯಲ್ಲಿ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತೆ. ಸಾಕ್ಷಿ ಇಲ್ಲದೆ ಚಿಕಿತ್ಸೆ ಶುರು ಮಾಡೋಣ ಅಂದ್ರೆ "ಯಾವ ಆಧಾರದ ಮೇಲೆ?" ಅಂತ ಮರ್ಯಾದೆಯಿಂದ ಕೇಳೋದು ನಮ್ಮ ಹಕ್ಕು. "ಮಾತ್ರೆಯಿಂದ ಗಂಟು ಕರಗದಿದ್ರೆ ಯಾವ ದಿನ ಮುಂದಿನ ಹೆಜ್ಜೆ?" ಅನ್ನೋದನ್ನೂ ಸೇರಿಸಿ.

ಕಾಯೋದಕ್ಕೂ ಒಬ್ಬ ಮಾಲೀಕ ಬೇಕು

ಹಾಗಾಗಿ ಆರು ತಿಂಗಳು ಬಿಟ್ಟು ಬರ್ರಿ ಅನ್ನೋದು ಕೈಬಿಟ್ಟ ಹಾಗಲ್ಲ. ಅದೂ ಚಿಕಿತ್ಸೆಯ ಒಂದು ಭಾಗ. ಆದ್ರೆ ಒಂದು ಷರತ್ತು: ಆರು ತಿಂಗಳಿಗೆ ಹೋಗಲೇಬೇಕು. ದಿನಾಂಕ ಇಲ್ಲದ ಕಾಯುವಿಕೆ ಅಂದ್ರೆ ಮರೆಯೋದು ಅಂತಲೇ ಅರ್ಥ. ಊರಲ್ಲಿ ನೋವಿಲ್ಲ, ಕೆಮ್ಮಿಲ್ಲ ಅಂದ್ರೆ ಯಾರು ನೆನಪಿಟ್ಕೊಳ್ತಾರೆ? ಸುಗ್ಗಿ ಬರುತ್ತೆ, ಮದುವೆ ಬರುತ್ತೆ, ಗಣಪತಿ ಬರುತ್ತೆ. "ಈಗ ಆರಾಮ ಅದೇನಲ್ಲ" ಅಂತ ಒಂದು ವರ್ಷ ಹೋಗುತ್ತೆ. ನಮ್ಮ ಟೀಮ್‌ನಲ್ಲಿ ಯಾರ ಹೆಸರಿಗೂ ಹಾಕದ ಟಿಕೆಟ್ ಏನಾಗುತ್ತೆ ಅಂತ ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಈ ಟಿಕೆಟ್ ನಿಮ್ಮ ಹೆಸರಿಗೆ ಹಾಕ್ಕೊಳ್ಳಿ. ಮಾಡಬೇಕಾದ್ದು ಇಷ್ಟು:

ಒಂದು, ರಿಪೋರ್ಟ್ ಕಾಗದ ಸಾಲದು. ಸ್ಕ್ಯಾನ್‌ನ ಮೂಲ ಫೈಲ್‌ಗಳಿರೋ ಸಿಡಿ ಅಥವಾ ಲಿಂಕ್ ಕೇಳಿ ತಗೊಳ್ಳಿ. ಡೈಕಾಮ್ ಫೈಲ್ ಕೊಡ್ರಿ ಅಂದ್ರೆ ಅವರಿಗೆ ತಿಳಿಯುತ್ತೆ. ಲಿಂಕ್‌ಗಳು ಕೆಲವು ದಿನಕ್ಕೆ ಸಾಯ್ತವೆ, ಆವತ್ತೇ ಇಳಿಸಿಕೊಂಡು ಎರಡು ಕಡೆ ಇಡಿ. ಫಿಲ್ಮಿನ ಫೋಟೊ ವಾಟ್ಸಾಪ್ ಮಾಡಿದ್ದರಿಂದ ಅಳತೆ ಆಗೋದಿಲ್ಲ.

ಎರಡು, ಹಳೇದನ್ನ ಹುಡುಕಿ. ಕೋವಿಡ್ ಸ್ಕ್ಯಾನ್, ಆಪರೇಷನ್ ಮುಂಚಿನ ಎಕ್ಸ್‌ರೇ, ಏನಿದ್ರೂ ಸರಿ. ಐದು ವರ್ಷದ ಹಿಂದಿನ ಚಿತ್ರದಲ್ಲೂ ಅದೇ ಗಟ್ಟಿ ಗಂಟು ಅಷ್ಟೇ ಇದ್ರೆ ಎರಡು ವರ್ಷ ಕಾಯೋ ಅಗತ್ಯವೇ ಬೀಳದಿರಬಹುದು.

ಮೂರು, ಸಾಧ್ಯ ಆದಷ್ಟು ಅದೇ ಸೆಂಟರ್, ಅದೇ ತೆಳು ಪದರ. ಒಂದೂವರೆ ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾಗಿರಲಿ. ಫಾಲೋ ಅಪ್‌ಗೆ ಕಡಿಮೆ ವಿಕಿರಣದ ಸ್ಕ್ಯಾನ್ ಸಾಕಾ ಅಂತ ಕೇಳಿ. ಅದರಲ್ಲಿ ಸುಮಾರು 1.5 ಮಿಲಿಸೀವರ್ಟ್. ನಿಸರ್ಗದಿಂದಲೇ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಸಿಗುತ್ತೆ. ಹೆದರಿ ಫಾಲೋ ಅಪ್ ಬಿಡಬೇಡಿ, ಹೆದರಿಕೆಗೆ ಮೂರು ಮೂರು ತಿಂಗಳಿಗೆ ಮಾಡಿಸಲೂ ಬೇಡಿ.

ನಾಲ್ಕು, ಡಾಕ್ಟರ್ ಮುಂದೆ ಪೂರ್ತಿ ಹೇಳಿ. ಬೀಡಿ ಎಷ್ಟು ವರ್ಷ, ಫೌಂಡ್ರಿ, ಕ್ವಾರಿ, ಭಟ್ಟಿ ಕೆಲಸ, ಕಟ್ಟಿಗೆ ಒಲೆ, ಮನೆಯಲ್ಲಿ ಟಿಬಿ, ಹಿಂದೆ ಆದ ಯಾವುದೇ ಕ್ಯಾನ್ಸರ್. ಸಂಕೋಚದಿಂದ ಅಪ್ಪ ಬೀಡಿ ವಿಷಯ ಬಿಟ್ರೆ ನೀವು ಹೇಳಿ.

ಐದು, ದಿನಾಂಕ ಮೂರು ಕಡೆ ಹಾಕಿ: ನಿಮ್ಮ ಫೋನು, ಇನ್ನೊಬ್ಬರ ಫೋನು, ಊರ ಮನೆಯ ಗೋಡೆ ಕ್ಯಾಲೆಂಡರ್.

ಆರು, ದಿನಾಂಕಕ್ಕೆ ಕಾಯಬಾರದ ಲಕ್ಷಣಗಳನ್ನ ಮನೆಯವರಿಗೆಲ್ಲ ಹೇಳಿಡಿ. ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯೋದು, ಸಂಜೆ ಜ್ವರ, ಎರಡು-ಮೂರು ವಾರ ಬಿಡದ ಕೆಮ್ಮು, ದನಿ ಒಡೆಯೋದು, ಹೊಸದಾಗಿ ಏದುಸಿರು. ಇವುಗಳಲ್ಲಿ ಒಂದು ಕಂಡ್ರೂ ಅದೇ ವಾರ ಶ್ವಾಸಕೋಶ ತಜ್ಞರ ಹತ್ತಿರ ಕರ್ಕೊಂಡು ಹೋಗಿ.

ಏಳು, ಬೀಡಿ-ಸಿಗರೇಟು ಇನ್ನೂ ನಡೀತಿದ್ರೆ ನಿಲ್ಲಿಸೋಕೆ ಇದಕ್ಕಿಂತ ಒಳ್ಳೆಯ ಕಾರಣ ಸಿಗೋದಿಲ್ಲ. ಗಂಟು ಏನೂ ಅಲ್ಲ ಅಂತ ಆದ್ರೂ ಶ್ವಾಸಕೋಶ ಉಳಿಯುತ್ತೆ.

ಗಂಟು ಬೆಳೆದದ್ದು ಖಾತ್ರಿ ಆದ್ರೆ ಆಗ ನಿಲ್ಲಬೇಡಿ. ಆಗ ಬಯಾಪ್ಸಿಗೆ ಹೆದರೋ ಸಮಯ ಅಲ್ಲ, ಚಿಕ್ಕದಿದ್ದಾಗಲೇ ಹಿಡಿದ್ರೆ ಆಪರೇಷನ್‌ನಲ್ಲೇ ಗುಣ ಆಗೋ ಅವಕಾಶ ಹೆಚ್ಚು. ಮೊದಲಿನ ಹಾಗೆ ಎಲ್ಲದಕ್ಕೂ ಬೆಂಗಳೂರಿನ ಕಿದ್ವಾಯಿಗೋ ಮುಂಬೈಗೋ ಓಡಬೇಕು ಅಂತಲೂ ಇಲ್ಲ. 2025ರ ಜನವರಿಯಲ್ಲಿ ಬೆಳಗಾವಿಯಲ್ಲೇ ಕೆಎಲ್‌ಇಯ ಕ್ಯಾನ್ಸರ್ ಆಸ್ಪತ್ರೆ ಉದ್ಘಾಟನೆ ಆಗಿದೆ, ರಾಷ್ಟ್ರಪತಿಯವರೇ ಬಂದಿದ್ರು.

ಮಾಮಾನ ಮೂರನೇ ಸ್ಕ್ಯಾನ್ ಈ ದೀಪಾವಳಿ ಆದ ಮೇಲೆ. ಫಲಿತಾಂಶ ಏನು ಬರುತ್ತೋ ನನಗೆ ಗೊತ್ತಿಲ್ಲ, ಡಾಕ್ಟರ್‌ಗೂ ಗೊತ್ತಿಲ್ಲ. ಆದ್ರೆ ಯಾವ ದಿನ, ಯಾವ ಸೆಂಟರ್, ಎಷ್ಟು ತೆಳು ಪದರ, ಹಳೇ ಸಿಡಿ ಯಾವ ಟ್ರಂಕಿನಲ್ಲಿದೆ, ಇದೆಲ್ಲ ಗೊತ್ತಿದೆ. ಮಾಮಿ ಈಗ ಮೊದಲಿನಷ್ಟು ಹೆದರೋದಿಲ್ಲ. ಮೊನ್ನೆ ಫೋನ್ ಮಾಡಿದಾಗ ಅಂದ್ರು: "ತೂಗ ಹಾಕ್ಯಾರ ಖರೆ, ಆದ್ರ ಹಗ್ಗ ನಮ್ಮ ಕೈಯಾಗ ಐತಿ ಬಿಡು."

ನಿಮ್ಮ ವಾಟ್ಸಾಪ್‌ನಲ್ಲೂ ಹಳೇ ರಿಪೋರ್ಟ್ ಒಂದು ಬಿದ್ದಿರಬಹುದು. ಇವತ್ತು ರಾತ್ರಿ ಅದರ ಕೊನೆಯ ಸಾಲು ಒಮ್ಮೆ ಓದಿ. ಅಲ್ಲಿ ಫಾಲೋ ಅಪ್ ಅಂತ ಇದ್ದು, ದಿನಾಂಕ ದಾಟಿಹೋಗಿದ್ರೆ, ನಾಳೆ ಬೆಳಿಗ್ಗೆ ಊರಿಗೆ ಒಂದು ಫೋನ್ ಮಾಡಿ.